ಬೀಸುವ ಕಲ್ಲಿನ ಮೇಲೆ ಕಲಿತ ಉದ್ದನ್ನ ಶಬ್ದ

ನಮ್ಮ ಯಜಮಾನರಿಗೆ ತಂಬಾಕಿನ ಚಟ ಇರಲಿಲ್ಲ, ಇಸ್ಪೀಟಿನ ಚಟ ಇರಲಿಲ್ಲ, ನಾಟಕದ ಹುಚ್ಚೂ ಇರಲಿಲ್ಲ. ಇದ್ದದ್ದು ಒಂದೇ. ಇಂಗ್ಲಿಷಿನಲ್ಲಿ ಯಾರೂ ಆಡದ, ಆಡಿದರೂ ಯಾರಿಗೂ ತಿಳಿಯದ ಉದ್ದನ್ನ ಶಬ್ದಗಳನ್ನು ಹುಡುಕಿ ಬಾಯಿಪಾಠ ಮಾಡುವ ಚಟ. ಶಿವ ನನಗೆ ಮಾಡಿದ ಉಪಕಾರಗಳನ್ನು ನೆನೆಯುವಾಗ ಇದನ್ನೂ ಅದರಲ್ಲೇ ಸೇರಿಸಿಕೊಳ್ಳುತ್ತೇನೆ. ಶಬ್ದ ಬಾಯಿ ನಾರಿಸುವುದಿಲ್ಲ, ಗೋಡೆಗೆ ಉಗುಳಿದ ಕಲೆ ಬೀಳಿಸುವುದಿಲ್ಲ, ಅದರ ಸಲುವಾಗಿ ಯಾರೂ ಬಾಗಿಲಿಗೆ ಬಂದು ಬಯ್ಯುವುದಿಲ್ಲ. ಬೇರೆ ಹೆಣ್ಣುಮಕ್ಕಳ ಪಾಡು ಕಂಡವಳಿಗೆ ಇದೇನು ಸಣ್ಣ ಉಪಕಾರವೇ?

ಅವರ ಹೆಸರನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಬಾಯಿಂದ ಆಡದ್ದನ್ನು ಕೈಯಿಂದ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೆ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರು ನಾವು. ಆದರೆ ಮದುವೆಯಲ್ಲಿ, ಉಡಿ ತುಂಬುವಾಗ, ಹೊಸ ಮನೆಯ ಹೊಸ್ತಿಲು ದಾಟುವಾಗ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳು, ಬಿಡತೇವಿ’ ಎಂದು ಹಟ ಹಿಡಿಯುತ್ತಿದ್ದರು. ಆಗ ಒಡಪು ಕಟ್ಟಿ ಹೇಳಬೇಕು. ಹೊಳೆ, ಹೂವು, ಬಾಳೆಲೆ ಅಂತ ನಾಲ್ಕು ಚೆಂದದ ಮಾತನ್ನು ಸುತ್ತ ಹೆಣೆದು, ನಡುವೆ ಹೆಸರನ್ನು ಮೆಲ್ಲಗೆ ಮುಚ್ಚಿಟ್ಟು ಹೇಳಿ ಪಾರಾಗಬೇಕು. ನಾನು ಮದುವೆಯಾಗಿ ಬಂದಾಗ ಹೇಳಿದ ಒಡಪು ಇನ್ನೂ ನೆನಪಿದೆ. ‘ಘಟಪ್ರಭಾ ತುಂಬಿ ಬಂದಾಳ, ದಂಡಿ ಗಿಡ ತೊಳದಾಳ, ಇಂಥವರ ಹೆಸರ ಹೇಳೇನಿ, ಬಾಗಿಲ ಬಿಡ್ರೆವ್ವಾ ತಡಾ ಮಾಡದಂಗ’ ಎಂದಿದ್ದೆ. ‘ಇಂಥವರ’ ಎಂದಲ್ಲಿ ಅವರ ಹೆಸರಿತ್ತು ಅಂತ ತಿಳಿದುಕೊಳ್ಳಿರಿ.

ನನ್ನ ತವರು ಮೂಡಲಗಿ, ಕೊಟ್ಟದ್ದು ಗೋಕಾಕಿಗೆ. ಅಲ್ಲಿ ಭಾವನವರಿಗೆ, ಅಂದರೆ ಯಜಮಾನರ ಅಣ್ಣನವರಿಗೆ, ಬೆಲ್ಲ ಮತ್ತು ಕಾಳುಕಡಿಯ ಅಂಗಡಿ. ಮನೆ ತುಂಬ ಮಂದಿ. ಭಾವನವರು ಒಳ್ಳೆಯವರೇ, ಅವರ ಹೆಂಡತಿ ನನ್ನ ನೆಗೆಣ್ಣಿಯೂ ಕೆಟ್ಟವರಲ್ಲ. ಆದರೆ ಅಡಿಗೆಮನೆಯಲ್ಲಿ ಉಪ್ಪಿನ ಗಡಿಗೆ ಅವರ ಮಗ್ಗುಲಲ್ಲೇ ಇರುತ್ತಿತ್ತು. ಪಲ್ಯ ಮಾಡುವವಳು ನಾನು, ಉಪ್ಪು ಹಾಕುವವರು ಅವರು. ನಾನು ಎಷ್ಟೋ ವರ್ಷ ಇನ್ನೊಬ್ಬರ ಕೈರುಚಿಗೆ ಸೌದೆ ಒಟ್ಟಿದೆ. ಯಜಮಾನರೂ ಹಾಗೇ. ಮ್ಯಾಟ್ರಿಕ್ ಪಾಸಾದವರು ಬೆಲ್ಲದ ಪೆಂಟೆ ತೂಗುತ್ತ, ಗಿರಾಕಿಗಳಿಗೆ ಇಂಗ್ಲಿಷ್ ಶಬ್ದ ಹೇಳಿ ಅಣ್ಣನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರು.

ಶಿವ ಕಣ್ಣು ತೆರೆದ. ಹುಕ್ಕೇರಿಯ ಇಂಗ್ಲಿಷ್ ಸಾಲೆಯಲ್ಲಿ ಅವರಿಗೆ ಮಾಸ್ತರಿಕೆ ಸಿಕ್ಕಿತು. ಕಾಯಂ ಅಲ್ಲ, ತಾತ್ಪೂರ್ತಿಕ. ಅಂದರೆ ಬೇಕಾದರೆ ಇಟ್ಟುಕೊಳ್ಳುತ್ತಾರೆ, ಬೇಡಾದರೆ ವರ್ಷದ ಕೊನೆಗೆ ಕಳಿಸುತ್ತಾರೆ. ನಾವು ಹೊರಡುವಾಗ ಭಾವನವರು ಗಾಡಿಯ ಹತ್ತಿರ ಬಂದು ಹೇಳಿದರು: “ಹಿಂದಿನ ಖೋಲಿ ಹಂಗ ತೆರವು ಇಟ್ಟಿರತೇನಿ. ಅಲ್ಲಿ ಜಮಾಸಲಿಲ್ಲ ಅಂದ್ರ ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ, ತಿರುಗಿ ಬರ್ರಿ.” ಪ್ರೀತಿಯಿಂದಲೇ ಹೇಳಿದರು. ನನಗೆ ಮಾತ್ರ ಆ ಖೋಲಿಯ ಕತ್ತಲೆ ಗಾಡಿಯ ಹಿಂದೆಯೇ ಬಂದ ಹಾಗಾಯಿತು.

ಹುಕ್ಕೇರಿಯಲ್ಲಿ ನಮಗೆ ಸಿಕ್ಕಿದ್ದು ಸಾಲೆಯ ಮಗ್ಗುಲಿಗೆ ಎರಡು ಖೋಲಿಯ ಮಣ್ಣಿನ ಮನೆ. ಮಾಳಿಗೆ ಸೋರುತ್ತಿತ್ತು, ಒಲೆ ಹೊಗೆಯಾಡುತ್ತಿತ್ತು. ಮೊದಲ ದಿನ ನಾನು ಸಾರಿಗೆ ನನ್ನ ಕೈಯಿಂದ ಉಪ್ಪು ಹಾಕಿದೆ. ಹೆಚ್ಚಾಯಿತು. ಯಜಮಾನರು ಏನೂ ಅನ್ನದೆ ಉಂಡರು. ಆ ಸಂತೋಷಕ್ಕೆ ನಾನು ಲಿಂಗಪೂಜೆಗೆ ಕೂತಾಗ ಕಣ್ಣೀರು ಹಾಕಿದ್ದು ಶಿವನಿಗೆ ಗೊತ್ತು.

ಇನ್ನು ಅವರ ಚಟದ ಮಾತು. ಗೋಕಾಕದ ಸಂತೆಯಲ್ಲಿ ಹಳೆಯ ಸಾಮಾನು ಮಾರುವವನ ಹತ್ತಿರ ರಟ್ಟು ಹರಿದ ಒಂದು ಇಂಗ್ಲಿಷ್ ಶಬ್ದಕೋಶ ತಂದಿದ್ದರು. ಚಿಕ್ಕ ಮಗುವಿನಷ್ಟು ಭಾರ. ದಿನಾ ಮುಂಜಾನೆ ವಿಭೂತಿ ಹಚ್ಚಿ ಪೂಜೆ ಮುಗಿಸಿದ ಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುವರು. ಶಬ್ದದ ಅರ್ಥಕ್ಕಿಂತ ಮೊದಲು ಅದರ ಅಳತೆ ನೋಡುವರು. ಪುಟದ ಮೇಲೆ ಬೆರಳಿಟ್ಟು, “ಇದು ಮೂರು ಬೆರಳು. ಇದು ಬರೇ ಎರಡು. ಆಹಾ, ಇದು ನೋಡು, ನಾಕು ಬೆರಳು ದಾಟಿತು!” ಎನ್ನುವರು, ಜವಳಿ ಅಂಗಡಿಯವನ ಹಾಗೆ.

ಒಂದು ದಿನ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂಬುದನ್ನು ಹಿಡಿದು ತಂದರು. ಅಂಗಳದಲ್ಲಿ ಅಡ್ಡಾಡುತ್ತ ಅದನ್ನೇ ಅಂದರು. ಮಗ್ಗುಲ ಮನೆಯ ಆಕಳು ಮೇವು ಬಿಟ್ಟು ನೋಡಿತು.

“ಏನ್ರಿ ಹಂಗಂದ್ರ?” ಎಂದು ಕೇಳಿದೆ.

“ಒಂದು ಸಾಮಾನು ಕವಡಿ ಕಿಮ್ಮತ್ತಿಗೂ ಬಾಳೂದಿಲ್ಲ ಅಂತ ಅದನ್ನ ತೆಗೆದುಹಾಕೋದು.”

“ಅದಕ್ಕ ಇಷ್ಟುದ್ದ ಯಾಕ ಬೇಕ್ರಿ? ಥೂ ಅಂದ್ರ ಮುಗೀಲಿಲ್ಲೇನು?”

ಅವತ್ತು ಅವರು ನನ್ನ ಜೋಡಿ ಮಾತಾಡಲಿಲ್ಲ. ಮರುದಿನ ‘ಸೆಸ್ಕ್ವಿಪೆಡೇಲಿಯನ್’ ತಂದು ರಾಜಿಯಾದರು. ಅದು ಉದ್ದನ್ನ ಶಬ್ದಗಳಿಗೇ ಇಟ್ಟ ಹೆಸರಂತೆ, ಒಂದೂವರೆ ಫೂಟಿನ ಶಬ್ದ ಅಂತ ಅರ್ಥವಂತೆ. “ಯಾರು ಅಳದು ನೋಡಿದ್ರು?” ಎಂದೆ. ತಪ್ಪಾಯಿತು. ಸಾಲೆಯಿಂದ ಫೂಟುಪಟ್ಟಿ ತಂದು ಅವತ್ತಿನಿಂದ ಅದರಲ್ಲೇ ಅಳೆಯಲಿಕ್ಕೆ ಶುರು ಮಾಡಿದರು.

ಒಂದು ಲಾಭವೂ ಆಯಿತೆನ್ನಿ. ಹಾಲಿಗೆ ನೀರು ಬೆರೆಸುತ್ತಿದ್ದ ಗೌಳಗಿತ್ತಿಗೆ ಒಂದು ದಿನ ಬಯ್ಯಲಿಕ್ಕೆ ಹೋಗಿ ಕನ್ನಡದ ಬದಲು ಅಂಥದೊಂದು ಶಬ್ದ ಬಿಟ್ಟರು. ಆಕೆ ಬುಟ್ಟಿ ಎತ್ತಿಕೊಂಡು ಓಡಿದಳು. “ಮಾಸ್ತರು ನನ್ನ ಎಮ್ಮಿಗೆ ಏನೋ ಹಾಕ್ಯಾರ” ಎಂದು ಓಣಿಯಲ್ಲೆಲ್ಲ ಹೇಳಿಕೊಂಡಳು. ಮರುದಿನದಿಂದ ಬಂದ ಹಾಲಿನ ಮೇಲೆ ಕೆನೆ ರೊಟ್ಟಿಯ ಹಾಗೆ ಕಟ್ಟುತ್ತಿತ್ತು. ಅದನ್ನೂ ನಾನು ಶಿವನ ಉಪಕಾರದಲ್ಲಿ ಸೇರಿಸಿದೆ.

ಹೀಗಿರುವಾಗ ಸಾಲೆಗಳನ್ನು ತಪಾಸಣೆ ಮಾಡುವ ಬಿಳಿ ಸಾಹೇಬರು ಬೆಳಗಾವಿಯಿಂದ ಯಮಕನಮರಡಿಯ ಹಾದಿಯಲ್ಲಿ ಮೋಟಾರು ಹತ್ತಿ ಬರುತ್ತಾರೆಂದು ಸುದ್ದಿ ಬಂತು. ಹೆಡ್‌ಮಾಸ್ತರು ನಮ್ಮ ಕಟ್ಟೆಗೆ ಬಂದು ಯಜಮಾನರಿಗೆ ಹೇಳಿದ್ದು ನನಗೆ ಒಳಗೆ ಕೇಳಿಸಿತು.

“ನೋಡ್ರಿ ಮಾಸ್ತರ, ನಿಮ್ಮ ನೌಕರಿ ಕಾಯಂ ಆಗೂದು, ನೀವು ಗಂಟುಮೂಟಿ ಕಟ್ಟೂದು, ಎರಡೂ ಅವತ್ತಿನ ಮ್ಯಾಲೆ ಐತಿ. ಸಾಹೇಬರು ಕೇಳಿದ್ದಕ್ಕ ಸಣ್ಣ ಸಣ್ಣ ಮಾತಿನ್ಯಾಗ ಹೇಳಿ ಬಿಡ್ರಿ. ನಿಮ್ಮ ಆ ಹನುಮಂತನ ಬಾಲ ಬಿಚ್ಚಬ್ಯಾಡ್ರಿ, ಕೈ ಮುಗೀತೇನಿ.”

“ಆಗಲಿ ಬಿಡ್ರಿ ಸರ್” ಅಂದರು ಇವರು. ಆದರೆ ಅವರು ಹೋದ ಕೂಡಲೇ ಶಬ್ದಕೋಶ ತೆಗೆದರು.

ಸಾಹೇಬರ ಜೊತೆ ಅವರ ಹೆಂಡತಿ ಮಡಮ್ಮನೂ ಬರುತ್ತಾಳೆ, ಆಕೆಗೆ ಊರಿನ ಒಂದು ಮನೆ ನೋಡುವ ಆಸೆಯಿದೆ, ಸಾಲೆಗೆ ಹತ್ತಿರದ್ದು ನಮ್ಮ ಮನೆಯೇ ಎಂದು ಗೊತ್ತಾದಾಗ ನನ್ನ ಎದೆ ಧಸಕ್ಕೆಂದಿತು. ಯಜಮಾನರ ಮುಖ ಅರಳಿತು.

“ನೀ ಆಕಿಗೆ ಒಂದು ಇಂಗ್ಲಿಷ್ ಮಾತು ಆಡಬೇಕು.”

“ಶರಣಾರ್ಥಿ ಅಂದ್ರ ಸಾಲದನ್ರಿ?”

“ಅದನ್ನ ಎಲ್ಲಾರೂ ಅಂತಾರ. ಇದನ್ನ ಕಲಿ. ಆನರಿಫಿಕ್ಯಾಬಿಲಿಟ್ಯೂಡಿನಿಟ್ಯಾಟಿಬಸ್.”

ನಾನು ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟೆ. “ಇದು ಒಂದ ಮಾತೇನ್ರಿ?”

“ಒಂದ. ಮರ್ಯಾದಿಗೆ ತಕ್ಕವರಾಗಿರೂದು ಅಂತ ಅರ್ಥ. ಮನೀಗೆ ಬಂದವರಿಗೆ ಇದಕ್ಕಿಂತ ಚಲೋ ಮಾತು ಯಾವುದೈತಿ?”

ಅರ್ಥವೇನೋ ಚಲೋದೇ ಇತ್ತು. ಆದರೆ ನಾಲಿಗೆ ಅರ್ಧಕ್ಕೆ ಹೋಗಿ ಕಾಲು ಜಾರಿ ಬೀಳುತ್ತಿತ್ತು. ಎರಡು ದಿನ ಒದ್ದಾಡಿದೆ. ಕಡೆಗೆ ಒಂದು ಮುಂಜಾನೆ ಜೋಳ ಬೀಸಲಿಕ್ಕೆ ಕೂತಾಗ, ಹಾಡಿನ ಬದಲು ಇದನ್ನೇ ಅಂದು ನೋಡೋಣ ಎನ್ನಿಸಿತು. ಕಲ್ಲಿನ ಗೂಟ ನನ್ನ ಕಡೆ ಬರುವಾಗ ‘ಆನರಿಫಿ’, ಆ ಕಡೆ ಹೋಗುವಾಗ ‘ಕ್ಯಾಬಿಲಿ’, ಮತ್ತೆ ಬರುವಾಗ ‘ಟ್ಯೂಡಿನಿ’, ಹೋಗುವಾಗ ‘ಟ್ಯಾಟಿಬಸ್’. ಶಿವಶಿವಾ, ಕಲ್ಲಿಗೇ ಹೇಳಿ ಮಾಡಿಸಿದ ಹಾಗಿತ್ತು! ಒಂದು ಬುಟ್ಟಿ ಹಿಟ್ಟು ಬೀಳುವುದರಲ್ಲಿ ಶಬ್ದ ನನ್ನ ಬಾಯಿಗೆ ಬಂದಿತ್ತು.

ಮಗ್ಗುಲ ಮನೆಯ ಅಜ್ಜಿಯ ದನಿ ಗೋಡೆಯಾಚೆಯಿಂದ ಬಂತು. ಓಣಿಗೆಲ್ಲ ಹಿರಿಯಳು ಆಕೆ, ಕಣ್ಣು ಮಬ್ಬು, ಬಾಯಲ್ಲಿ ಹಲ್ಲಿಲ್ಲ, ಆದರೆ ಆಕೆ ಹಾಕಿದ ಗೆರೆ ಯಾರೂ ದಾಟುತ್ತಿರಲಿಲ್ಲ.

“ಏ ತಂಗೀ, ಅದ್ಯಾವ ದೇವರ ಹಾಡ?”

“ದೇವರದಲ್ರೀ ಆಯಿ, ಇಂಗ್ಲಿಷಿಂದು. ಸಾಹೇಬ್ರ ಹೇಣತಿಗೆ ಹೇಳಾಕ ಕಲ್ಯಾಕತ್ತೇನಿ.”

“ಯಾರದರ ಇರವಲ್ದ್ಯಾಕ. ಕಲ್ಲು ಹಗರ ತಿರಗತೈತಿ ನೋಡ. ಇನ್ನೊಮ್ಮಿ ಅನ್ನು.”

ನಾನು ಅಂದೆ, ಆಕೆಯೂ ಅಂದಳು. ಆಕೆಯಿಂದ ಆಕೆಯ ಸೊಸೆಗೆ, ಸೊಸೆಯಿಂದ ಎದುರು ಮನೆಗೆ. ಸಾಹೇಬರು ಬರುವಷ್ಟರಲ್ಲಿ ಕೋಳಿ ಕೂಗುವ ಹೊತ್ತಿಗೆ ಎದ್ದು ನಮ್ಮ ಓಣಿಯಲ್ಲಿ ನಿಂತರೆ ಮನೆಮನೆಯಿಂದ ಕಲ್ಲಿನ ಗುರುಗುರು, ಅದರ ಮೇಲೆ ಆನರಿಫಿ, ಕ್ಯಾಬಿಲಿ. ಯಜಮಾನರು ಹಾಸಿಗೆಯಲ್ಲಿ ಎದ್ದು ಕೂತು ಕೈ ಮುಗಿದುಕೊಂಡು ಕೇಳುತ್ತಿದ್ದರು.

ತಪಾಸಣೆಯ ದಿನ ಬಂತು. ನಾನು ಅಂಗಳ ಸಾರಿಸಿ ರಂಗೋಲಿ ಹಾಕಿದೆ. ಯಜಮಾನರು ಕರಿ ಕೋಟು, ಹೊಸ ರುಮಾಲು ಹಾಕಿಕೊಂಡು ಹೊರಟರು. ಅವರ ತುಟಿ ಅಲುಗುತ್ತಿತ್ತು.

“ಸಣ್ಣ ಮಾತು, ನೆನಪೈತೆಲ್ರಿ?” ಎಂದೆ.

“ಐತಿ, ಐತಿ” ಎಂದರು. ಅವರು ಅಂದದ್ದು ನನಗಲ್ಲ, ಒಳಗೆ ನೆನೆಯುತ್ತಿದ್ದ ಯಾವುದೋ ಶಬ್ದಕ್ಕೆ ಎಂದು ನನಗೆ ಆಗಲೇ ಅನುಮಾನ.

ಮಡಮ್ಮ ಹೊತ್ತೇರಿದ ಮೇಲೆ ಬಂದಳು. ತೆಳ್ಳಗಿನ ಎತ್ತರದ ಹೆಂಗಸು, ತಲೆಯ ಮೇಲೆ ಬುಟ್ಟಿಯಂಥ ಟೊಪ್ಪಿಗೆ. ಜೊತೆಗೆ ಆಕೆಯ ಮಾತು ನಮಗೆ, ನಮ್ಮ ಮಾತು ಆಕೆಗೆ ಹೇಳಲಿಕ್ಕೆ ಬೆಳಗಾವಿಯ ಒಬ್ಬಳು ಆಯಾ. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ಅಜ್ಜಿ ಮಡಮ್ಮನ ಹತ್ತಿರ ಹೋಗಿ ಕೈ ಹಿಡಿದು ತಡವಿ ನೋಡಿದಳು.

“ಕೈಯಾಗ ಬಳಿ ಇಲ್ಲ, ಕೊಳ್ಳಾಗ ತಾಳಿ ಇಲ್ಲ. ಪಾಪ, ಗಂಡ ಅದಾನೋ ಇಲ್ಲೋ?”

“ಅದಾರಬೇ, ಸಾಲ್ಯಾಗ ಕುಂತಾರ” ಎಂದಳು ಆಯಾ.

ಈಗ ನಾನು ಶಬ್ದ ಹೇಳಬೇಕು. ಬಾಯಿ ತೆರೆದೆ. ಏನೂ ಬರಲಿಲ್ಲ. ಮಡಮ್ಮ ನಕ್ಕಳು, ಕಾದಳು. ಆಗ ನನ್ನ ಬಲಗೈ, ನಾನು ಹೇಳದೆಯೇ, ಗಾಳಿಯಲ್ಲಿ ಗೂಟ ಹಿಡಿದ ಹಾಗೆ ತಿರುಗಲಿಕ್ಕೆ ಶುರುವಾಯಿತು. ಕೈ ತಿರುಗಿದ್ದೇ ತಡ, “ಆನರಿಫಿ” ಎಂದಿತು ಬಾಯಿ. ಹಿಂದಿನಿಂದ ಅಜ್ಜಿ “ಕ್ಯಾಬಿಲಿ” ಎಂದಳು. ಆಮೇಲೆ ಪಡಸಾಲೆಯ ಹೆಂಗಸರೆಲ್ಲ ಕೈ ತಿರುಗಿಸುತ್ತ ಒಂದೇ ದನಿಯಲ್ಲಿ “ಟ್ಯೂಡಿನಿ, ಟ್ಯಾಟಿಬಸ್!”

ಮಡಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆಯಾಳ ಕಿವಿಯಲ್ಲಿ ಏನೋ ಕೇಳಿದಳು.

“ಇದು ಯಾವ ಭಾಷಾ ಅಂತ ಕೇಳಾಕತ್ತಾರ.”

“ಇಂಗ್ಲಿಷ್ ರೀ!” ಎಂದರು ಎಲ್ಲರೂ.

ಆಯಾ ಹೇಳಿದಳು. ಮಡಮ್ಮ ತಲೆ ಅಲ್ಲಾಡಿಸಿದಳು. “ಇಂಥಾ ಮಾತು ನಾ ಹುಟ್ಟಿದಾಗಿಂದ ಕೇಳಿಲ್ಲ ಅಂತಾರ.”

ಅಜ್ಜಿಗೆ ಕನಿಕರ ಬಂತು. “ಆಕಿ ಭಾಷಾ ಆಕಿಗೇ ಬರೂದಿಲ್ಲೇನ? ಸಾಲಿಗೆ ಕಳಿಸಿಲ್ಲ ಕಾಣಸತೈತಿ. ಎಲ್ಲಾ ಕಡೆ ಹೆಣ್ಣಮಕ್ಕಳ ಹಣೇಬರಾ ಇಷ್ಟ ಬಿಡ.”

ನಾನು ಅದರ ಅರ್ಥ ಹೇಳಿದೆ, ಆಯಾ ತಿಳಿಸಿದಳು. ಮಡಮ್ಮನ ಮುಖ ಕೆಂಪಾಯಿತು. ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಒಳ್ಳೆಯದೇ ಆಯಿತು ಎಂದುಕೊಂಡು ಆಕೆಗೆ ಬೆಲ್ಲದ ಪಾನಕ ತರಲಿಕ್ಕೆ ಅಡಿಗೆಮನೆಗೆ ಹೋದೆ. ಹಿತ್ತಲ ಬಾಗಿಲಲ್ಲಿ ಯಜಮಾನರು ನಿಂತಿದ್ದರು. ರುಮಾಲು ಕೈಯಲ್ಲಿತ್ತು.

“ಕೆಟ್ಟಿತು” ಎಂದರು.

“ಏನಾತ್ರಿ?”

“ವರ್ಗದಾಗ ಹುಡುಗರು ಯಾಕ ಇಷ್ಟ ಕಮ್ಮಿ ಅದಾರ ಅಂತ ಸಾಹೇಬ ಕೇಳಿದ. ನಾ ಹೇಳಿದೆ. ತಿಳೀಲಿಲ್ಲ, ಇನ್ನೊಮ್ಮಿ ಹೇಳ್ರಿ ಅಂದ. ಇನ್ನೂ ಬಿಡಿಸಿ ಹೇಳಿದೆ.”

“ಬಿಡಿಸಿ ಅಂದ್ರ ಸಣ್ಣ ಮಾತಿನ್ಯಾಗೋ ಉದ್ದ ಮಾತಿನ್ಯಾಗೋ?”

ಅವರು ಕೈಯಲ್ಲಿದ್ದ ರುಮಾಲು ಸುತ್ತತೊಡಗಿದರು. “ಮೂರನೇ ಸಲ ಕೇಳಿದ. ಹೆದರಿಕಿ ಆದಾಗ ನನಗ ಉದ್ದನ್ನವ ಬರತಾವ, ಏನ ಮಾಡ್ಲಿ? ಆಮ್ಯಾಲೆ ಆಂವ ಹೆಡ್‌ಮಾಸ್ತರ ಕಡೆ ಹೊಳ್ಳಿ, ಈ ಮಾಸ್ತರಿಗೆ ಇಂಗ್ಲಿಷ್ ಬರತೈತೇನು ಅಂತ ಕೇಳಿದ. ಹೆಡ್‌ಮಾಸ್ತರು ನನಗ ಮನೀಗೆ ಹೋಗಿ ಮಡಮ್ಮನ ವ್ಯವಸ್ಥಾ ನೋಡ್ರಿ ಅಂದ್ರು. ಅಂದ್ರ ಹೊರಗ ಹಾಕಿದ್ರು.”

“ಹುಡುಗರು ಯಾಕ ಕಮ್ಮಿ ಇದ್ರು?”

“ಸುಗ್ಗಿ. ಎಲ್ಲಾ ಹೊಲಕ್ಕ ಹೋಗ್ಯಾರ.”

“ಸುಗ್ಗಿಗೆ ಇಂಗ್ಲಿಷಿನ್ಯಾಗ ಮಾತಿಲ್ಲೇನ್ರಿ?”

“ಐತಿ.”

“ಮತ್ತ?”

“ಎರಡ ಬೆರಳಿಂದು” ಎಂದು ಅವರು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಗೆ ಹಿಡಿದ ಗೋಡೆ, ಸೋರುವ ಮಾಳಿಗೆ, ಒಲೆಯ ಮಗ್ಗುಲ ಉಪ್ಪಿನ ಗಡಿಗೆ, ಎಲ್ಲವನ್ನೂ ಒಮ್ಮೆ ನೋಡಿದೆ. ಸಾಲೆಯ ವರ್ಷ ಮುಗಿದ ಕೂಡಲೇ, ಚೈತ್ರದೊಳಗೆ, ಇವೆಲ್ಲ ಬಿಟ್ಟು ಗೋಕಾಕದ ಹಿಂದಿನ ಖೋಲಿ. ಕೊಟ್ಟವನೂ ನೀನೇ, ಒಯ್ಯುವವನೂ ನೀನೇ, ಇಷ್ಟು ದಿನ ಕೊಟ್ಟೆಯಲ್ಲ ಎಂದು ಶಿವನಿಗೆ ಹೇಳಬೇಕೆಂದುಕೊಂಡೆ. ಖರೆ ಹೇಳಬೇಕೆಂದರೆ ಹೇಳಲಿಲ್ಲ. ‘ಹಿಂಗ ಮಾಡಬ್ಯಾಡಪಾ’ ಎಂದೆ. ಪಾನಕದ ತಂಬಿಗೆ ಎತ್ತಿಕೊಂಡು ಹೊರಗೆ ಹೋದೆ. ಮನೆಗೆ ಬಂದವರ ಮುಂದೆ ಮುಖ ಬಾಡಬಾರದು.

ಆಮೇಲೆ ಉಡಿ ತುಂಬುವುದು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಒಂದು ಕುಬಸದ ಖಣ ತಟ್ಟೆಯಲ್ಲಿಟ್ಟಿದ್ದೆ. ಆದರೆ ಹಾಕುವುದೆಲ್ಲಿ? ಮಡಮ್ಮನಿಗೆ ಸೆರಗೇ ಇಲ್ಲ. ಆಕೆ ಪಾಪ ತಿಳಿಯದೆ ಟೊಪ್ಪಿಗೆ ತೆಗೆದು ಅಂಗಾತ ಹಿಡಿದಳು. “ಉಡಿ ಅಂದ್ರ ಭಿಕ್ಷಾನ?” ಎಂದು ಅಜ್ಜಿ ಸಿಟ್ಟಾದಳು. ಅಂಗಳಕ್ಕೆ ಹೋಗಿ ಹಗ್ಗದ ಮೇಲೆ ಒಣಗಿದ್ದ ಬಿಳಿ ಬಟ್ಟೆ ಎಳೆದು ತಂದು ಮಡಮ್ಮನ ಹೆಗಲ ಮೇಲಿಂದ ಸೊಂಟಕ್ಕೆ ಸುತ್ತಿ ಸೆರಗು ಮಾಡಿಬಿಟ್ಟಳು. ಅಜ್ಜಿಯ ಮಬ್ಬುಗಣ್ಣಿಗೆ ಅದು ಸೀರೆಯಾಗಿ ಕಂಡಿತ್ತು. ಅದು ನಮ್ಮ ಯಜಮಾನರ ಧೋತರ. ನಾನು ಹೇಳಲಿಕ್ಕೆ ಬಾಯಿ ತೆರೆಯುವಷ್ಟರಲ್ಲಿ ಉಡಿಯಲ್ಲಿ ಅಕ್ಕಿ ಬಿದ್ದಾಗಿತ್ತು. ಶುಭಕಾರ್ಯ ನಡುವೆ ನಿಲ್ಲಿಸಬಾರದು ಎಂದು ಸುಮ್ಮನಾದೆ.

ಅಷ್ಟರಲ್ಲಿ ಹೊರಗೆ ಮೋಟಾರು ಬಂದು ನಿಂತ ಸದ್ದು. ಸಾಹೇಬರು ಹೆಂಡತಿಯನ್ನು ಕರೆಯಲಿಕ್ಕೆ ಬಂದಿದ್ದರು. ಮಡಮ್ಮ ಎದ್ದಳು. ಅಜ್ಜಿ ಓಡಿಹೋಗಿ ಬಾಗಿಲಿಗೆ ಎರಡೂ ಕೈ ಅಡ್ಡ ಹಾಕಿ ನಿಂತಳು.

“ಉಡಿ ತುಂಬಿಸಿಕೊಂಡು ಹಂಗ ಹೋಗೂದಿಲ್ಲ. ಗಂಡನ ಹೆಸರ ಹೇಳಂತ ಹೇಳ.”

ಆಯಾ ಹೇಳಿದಳು. ಇದರಲ್ಲೇನಿದೆ ಎಂಬಂತೆ ಮಡಮ್ಮ ಸಾಹೇಬರ ಹೆಸರನ್ನು ಬರಿದೆ, ಹಾಡಹಗಲು, ದೊಡ್ಡ ದನಿಯಲ್ಲಿ ಹೇಳಿಬಿಟ್ಟಳು.

ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡರು. ಒಬ್ಬಳು “ಅಯ್ಯಯ್ಯ” ಎಂದು ಬಾಗಿಲ ಹಿಂದೆ ಸರಿದಳು. ಯಾರಿಗೂ ಕೇಳಿಸಲಿಲ್ಲ ಎಂದುಕೊಂಡು ಮಡಮ್ಮ ಇನ್ನೂ ಗಟ್ಟಿಯಾಗಿ ಮತ್ತೆ ಹೇಳಿದಳು. ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ.

“ಬಾಯಿ ಮುಚ್ಚಸ್ರಬೇ ಆಕೀದ!” ಎಂದು ಅಜ್ಜಿ ಕೂಗಿದಳು. “ಆ ಗಂಡಸಿನ ಆಯುಷ್ಯ ಹೊರಗ ಮೋಟಾರಿನ್ಯಾಗ ಕುಂತಲ್ಲೇ ಮುಗೀತೈತಿ! ತಂಗೀ, ಉಪ್ಪು ಮೆಣಸಿನಕಾಯಿ ತಾ!”

ನಾನು ಉಪ್ಪು ಮೆಣಸಿನಕಾಯಿ ಹಿಡಿದು ಹೊರಗಿನ ದಿಕ್ಕಿಗೆ ನಿವಾಳಿಸಿದೆ. ಆಯಾ ನಗು ತಡೆಯುತ್ತ, ಹೆಸರನ್ನು ಮುಚ್ಚಿಟ್ಟು ಹೇಳಬೇಕು ಎಂದು ಮಡಮ್ಮನಿಗೆ ತಿಳಿಸಿದಳು. ಮಡಮ್ಮನಿಗೆ ಗಾಬರಿಯಾಯಿತು, ಆಮೇಲೆ ಉತ್ಸಾಹ ಬಂತು.

“ಯಾವುದರ ಹಿಂದ ಮುಚ್ಚಿಡಲಿ ಅಂತ ಕೇಳಾಕತ್ತಾರ” ಎಂದಳು ಆಯಾ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಕೆಗೆ ಘಟಪ್ರಭಾ ಗೊತ್ತಿಲ್ಲ, ಬಾಳೆಲೆ ಗೊತ್ತಿಲ್ಲ. ಅಜ್ಜಿಯೇ ದಾರಿ ಕಂಡುಕೊಂಡಳು.

“ನಮ್ಮ ಬೀಸೂ ಮಾತೈತೆಲ್ಲ, ಇಂಗ್ಲಿಷಿಂದು. ಅದರ ಹಿಂದ ಒಂದು ಜೋಡೆತ್ತಿನ ಬಂಡಿ ನಿಂತ್ರೂ ಕಾಣಸೂದಿಲ್ಲ. ಒಬ್ಬ ಗಂಡ ನಿಲ್ಲೂದಿಲ್ಲೇನು? ಯಮ ಬಂದು ಹುಡಕಿದ್ರೂ ಅರ್ಧಕ್ಕ ಬ್ಯಾಸತ್ತು ಹೊಳ್ಳಿ ಹೋಗತಾನ.”

ಎಲ್ಲರಿಗೂ ಸರಿಯೆನಿಸಿತು. ಆದರೆ ಮಡಮ್ಮನ ನಾಲಿಗೆಯೂ ನನ್ನದರ ಹಾಗೇ ಅರ್ಧದಲ್ಲಿ ಬಿತ್ತು. ಆಕೆಯನ್ನು ಕರೆದೊಯ್ದು ಬೀಸುವ ಕಲ್ಲಿನ ಮುಂದೆ ಕೂಡಿಸಿದೆ. ಕಾಲು ಮಡಚಲಿಕ್ಕೆ ಬರದೆ ಎರಡೂ ಕಾಲು ಉದ್ದ ಚಾಚಿ, ಉಡಿಯ ಅಕ್ಕಿ ಚೆಲ್ಲದಂತೆ ಧೋತರ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗೂಟ ಹಿಡಿದಳು. ಎದುರಿಗೆ ನಾನು. ಒಂದೇ ಗೂಟಕ್ಕೆ ಆಕೆಯ ಬಿಳಿಗೈ, ನನ್ನ ಕರಿಗೈ. ಆನರಿಫಿ, ಕ್ಯಾಬಿಲಿ. ಹೊರಗೆ ಸಾಹೇಬರ ಮೋಟಾರಿನವನು ಭೋಂ ಭೋಂ ಎನಿಸಿದ. “ತಡೀಯೋ!” ಎಂದು ಅಜ್ಜಿ ಗದರಿದಳು. ಮೋಟಾರು ಸುಮ್ಮನಾಯಿತು.

ಕಡೆಗೆ ಬಾಗಿಲು ತೆರೆಯಿತು. ಹೊರಗೆ ಸಾಹೇಬರು, ಹೆಡ್‌ಮಾಸ್ತರು. ಹಿತ್ತಲಿಂದ ಸುತ್ತು ಹಾಕಿ ಬಂದು ಮೂಲೆಯಲ್ಲಿ ನಿಂತ ನಮ್ಮ ಯಜಮಾನರು. ಹೊಸ್ತಿಲ ಮೇಲೆ ಮಡಮ್ಮ, ಹಣೆಗೆ ಕುಂಕುಮ, ಸೆರಗು ತುಂಬ ಉಡಿ. ಬಲಗೈ ತಿರುಗಿಸುತ್ತ ಆ ಶಬ್ದ ಅಂದಳು, ಮೆಲ್ಲಗೆ ಸಾಹೇಬರ ಹೆಸರು ಅಂದ ಹಾಗೆ ಮಾಡಿದಳು, ಗಡಿಬಿಡಿಯಲ್ಲಿ ಮತ್ತೆ ಆ ಶಬ್ದ ಅಂದಳು. ಹೆಸರು ಎರಡೂ ಕಡೆಯಿಂದ ಭದ್ರವಾಯಿತು. ಹೆಂಗಸರು ಚಪ್ಪಾಳೆ ಹೊಡೆದರು. ಅಜ್ಜಿ ಕೈ ತೆಗೆದು ದಾರಿ ಬಿಟ್ಟಳು.

ಸಾಹೇಬರು ಬಾಯಿ ತೆರೆದವರು ಮುಚ್ಚಲಿಲ್ಲ. ಹೆಂಡತಿಯನ್ನು ಏನೋ ಕೇಳಿದರು. ಆಕೆ ನನ್ನ ಕಡೆ ಬೆರಳು ಮಾಡಿದಳು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಸಾಹೇಬರು ಯಜಮಾನರ ಕಡೆ ತಿರುಗಿದರು. ಆಯಾ ನನ್ನ ಕಿವಿಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತ ಹೋದಳು.

“ಈ ಮಾತಿನ ಅರ್ಥ ಏನು ಅಂತ ಕೇಳಾಕತ್ತಾರ ನೋಡ್ರಿ.”

ಯಜಮಾನರ ಕಣ್ಣು ಮಡಮ್ಮನ ಮೈಮೇಲಿದ್ದ ತಮ್ಮ ಧೋತರದ ಮೇಲೆ ನೆಟ್ಟಿತ್ತು. ಅದನ್ನು ಕಂಡ ಮೇಲೆ ಅವರ ತಲೆಯಲ್ಲಿ ಉದ್ದನ್ನದು ಯಾವುದೂ ಉಳಿಯಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಬಾಯಿಂದ ಪುಟ್ಟ ಪುಟ್ಟ ಮಾತು, ಹುರಿದ ಕಡಲೆ ಒಂದೊಂದೇ ಸಿಡಿದ ಹಾಗೆ ಬಂದವು. ನನಗೆ ಇಂಗ್ಲಿಷ್ ಬರದಿದ್ದರೂ ಅವು ಸಣ್ಣವು ಅಂತ ತಿಳಿಯಿತು.

“‘ಮರ್ಯಾದಿಗೆ ತಕ್ಕವರು ಅಂತರಿ. ನಿಮ್ಮ ಹೆಂಡತಿಗೆ ನನ್ನ ಹೆಂಡತಿ ಹೇಳಿದ್ದು’ ಅಂದ್ರು ನಿಮ್ಮವರು” ಎಂದಳು ಆಯಾ. “ಇದು ನನಗ ತಿಳೀತು, ಮುಂಜಾನಿ ಹಿಂಗ ಯಾಕ ಮಾತಾಡಲಿಲ್ಲ ಅಂತ ಸಾಹೇಬ್ರು ಕೇಳಾಕತ್ತಾರ.”

ನಾನು ಯಜಮಾನರ ತುಟಿಯನ್ನೇ ನೋಡಿದೆ.

“‘ಮುಂಜಾನಿ ಹೆದರಿಕಿ ಆಗಿತ್ತು. ಈಗ ಕೆಡಾಕ ಏನೂ ಉಳದಿಲ್ಲ’ ಅಂದ್ರು.”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಮುಂಜಾನೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರಂತೆ, ಹುಡುಗರು ಯಾಕೆ ಕಡಿಮೆ ಎಂದು. ಯಜಮಾನರು ಎರಡು ಬೆರಳಿನ ಆ ಒಂದೇ ಮಾತು ಹೇಳಿದರು. ಸಾಹೇಬರು ತಲೆದೂಗಿದರು, ಮೋಟಾರು ಹತ್ತಲಿಲ್ಲ. ಇವರ ಹೆಗಲ ಮೇಲೆ ಕೈ ಹಾಕಿ ತಿರುಗಿ ಸಾಲೆಗೆ ಕರೆದೊಯ್ದರು. ಒಂದು ತಾಸು ವರ್ಗದಲ್ಲಿ ಹಿಂದಿನ ಬಾಕಿನ ಮೇಲೆ ಕೂತು ಇವರ ಪಾಠ ಕೇಳಿದರು. ಮಡಮ್ಮ ಅಷ್ಟು ಹೊತ್ತೂ ನಮ್ಮಲ್ಲೇ ಕೂತು ಅಜ್ಜಿಗೆ ಟೊಪ್ಪಿಗೆ ಹಾಕಿ ನೋಡಿದಳು.

ಕೆಲವು ವಾರದ ಮೇಲೆ ಹೆಡ್‌ಮಾಸ್ತರು ನಮ್ಮ ಕಟ್ಟೆಗೆ ಬಂದು ಕೂತು, “ನಡೀರಿ ಮಾಸ್ತರ, ಇನ್ನ ನನಗ ನಿಮ್ಮಿಂದ ಬಿಡುಗಡಿ ಇಲ್ಲ. ಕಾಯಂ ಆತು” ಎಂದರು. ಯಜಮಾನರಿಗೆ ಮಾತೇ ಹೊರಡಲಿಲ್ಲ, ಉದ್ದನ್ನದೂ ಇಲ್ಲ, ಸಣ್ಣದೂ ಇಲ್ಲ. ನಾನು ಒಳಗೆ ಲಿಂಗವನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತೆ.

ಆ ವಾರವೇ ಗೋಕಾಕದಿಂದ ಭಾವನವರು ಖಾಲಿ ಗಾಡಿ ಹೊಡೆದುಕೊಂಡು ಬಂದರು. ಸಾಹೇಬರು ತಮ್ಮನನ್ನು ವರ್ಗದಿಂದ ಹೊರಗೆ ಹಾಕಿದರೆಂಬ ಸುದ್ದಿ ಮಾತ್ರ ಸಂತೆಗೆ ಬಂದವರ ಬಾಯಲ್ಲಿ ಅಲ್ಲಿಗೆ ಮುಟ್ಟಿತ್ತು, ಆಮೇಲಿನದು ಮುಟ್ಟಿರಲಿಲ್ಲ. ಅಂಗಳದಲ್ಲಿ ಇಳಿದವರೇ, “ಸಾಮಾನು ಎಲ್ಲಾ ಕಟ್ಟೀರೇನು?” ಎಂದರು.

“ಕಾಯಂ ಆತಪ್ಪಾ ಅಣ್ಣಾ” ಎಂದರು ಯಜಮಾನರು.

ಭಾವನವರು ಇನ್ನೊಮ್ಮೆ ಹೇಳಿಸಿದರು. ಸಂತೋಷದಿಂದ ತಮ್ಮನ ಬೆನ್ನು ತಟ್ಟಿದರು. ನಾನು ಮಾಡಿದ ರೊಟ್ಟಿ, ಝುಣಕ ಉಂಡರು. ಆದರೆ ಕೈ ತೊಳೆದ ಮೇಲೆ ಅಂಗಳದ ಗಾಡಿಯನ್ನೇ ನೋಡುತ್ತ ಚಡಪಡಿಸಿದರು.

“ಹಂಗಾರ ನಾ ಖಾಲಿ ಗಾಡಿ ಹೊಡಕೊಂಡು ಗೋಕಾಕಕ್ಕ ಹೋಗಬೇಕೇನು? ಮಂದಿ ಏನಂದಾರು?”

ಭಾವನವರ ಎದುರು ನಾನು ನೇರ ಮಾತಾಡುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಒಲೆಗೆ ಹೇಳಿದ ಹಾಗೆ ಹೇಳಿದೆ: “ಈ ಸಲ ಮೆಣಸಿನಕಾಯಿ ಚಲೋ ಬಂದೈತಂತ ಸಂತ್ಯಾಗ. ವ್ಯಾಪಾರಸ್ಥರು ನೋಡಿದ್ರ ಬಿಡೂದಿಲ್ಲ.”

ಒಲೆ ಸುಮ್ಮನಿತ್ತು. ಭಾವನವರ ಕಣ್ಣು ಹೊಳೆಯಿತು.

ಸಂಜೆಯ ಮುಂಚೆ ಗಾಡಿ ಹೊರಟಿತು. ಮೇಲೆ ಕೆಂಪನ್ನ ಮೆಣಸಿನಕಾಯಿ ಚೀಲ, ಅದರ ಮೇಲೆ ಭಾವನವರು. ಗಾಡಿ ಕುಲುಕಿದಂತೆಲ್ಲ ಅವರೂ ಸೀನಿದರು, ಗಾಡಿ ಹೊಡೆಯುವವನೂ ಸೀನಿದ, ಎತ್ತುಗಳೂ ಮೂಗು ಬಡಿದುಕೊಂಡವು. ಓಣಿಯ ತಿರುವಿನವರೆಗೂ ಆ ಸೀನು ಕೇಳಿಸುತ್ತಿತ್ತು. ನಮ್ಮ ಹಾಸಿಗೆ, ಹಂಡೆ, ಬೀಸುವ ಕಲ್ಲು ಹೇರಲಿಕ್ಕೆ ಬಂದ ಗಾಡಿ ಮೆಣಸಿನಕಾಯಿ ಹೇರಿಕೊಂಡು ಹೋಗುವುದನ್ನು ನಾನು ಹೊಸ್ತಿಲ ಮೇಲೆ ನಿಂತು ಕಣ್ಣು ತುಂಬ ನೋಡಿದೆ. ಯಜಮಾನರು ಹಿಂದಿನಿಂದ ಬಂದು ನಿಂತು, ಸೀನಿಗೆ ಇಂಗ್ಲಿಷಿನಲ್ಲಿ ಒಂದು ಭಾರಿ ಉದ್ದದ ಶಬ್ದ ಇದೆ ಎಂದರು. “ನಾಳೆ ಹೇಳ್ರಿ, ಎಸರು ಇಟ್ಟು ಬಂದೇನಿ” ಎಂದು ನನ್ನ ಒಲೆಯ ಕಡೆ ಹೋದೆ.